ಡ್ರಿಪ್ ಮುಗಿಯಲು ಇನ್ನೂ ಹೊತ್ತಿತ್ತು

ಮಗಳೇ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟುಬಿಟ್ಟೆ. ನಾನೂ ಮತ್ತೆ ಮಾಡಲಿಲ್ಲ. ಮಾಡಿದ್ದರೆ ಇನ್ನೊಂದು ಸುತ್ತು ಜಗಳ ಆಗುತ್ತಿತ್ತು, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಯಾರು ಏನಂದರು ಎಂದು ಕೆದಕುವುದಿಲ್ಲ. ಒಂದೇ ಮಾತು ಕಿವಿಯಲ್ಲಿ ಉಳಿದಿದೆ. ನಿನ್ನ ವಾರ್ಡಿಗೆ ನರ್ಸ್ ಆಗಿ ಬಂದ ಹೊಸ ಹುಡುಗಿಗೆ ಎರಡು ದಿನ ರಜೆ ಕೊಡು ಎಂದೆ ನಾನು. ‘ಇದು ಸೇವೆ ಅಮ್ಮ. ಅಳೋದೆಲ್ಲ ಆಮೇಲೆ. ಇದನ್ನ ಕಲಿಸಿದ್ದೇ ನೀನು’ ಎಂದೆ ನೀನು.

ಹೌದು, ಮಾತು ನನ್ನದೇ. ಅದನ್ನು ಮೊದಲ ಸಲ ಯಾರಿಗೆ ಹೇಳಿದೆ ಅನ್ನುವುದು ಮಾತ್ರ ನಿನಗೆ ಗೊತ್ತಿಲ್ಲ.

ನಾನು ಲೇಬರ್ ರೂಮಿನ ಇನ್‌ಚಾರ್ಜ್ ಆಗಿ ಒಂದು ವರ್ಷವೂ ಆಗಿರಲಿಲ್ಲ. ನೈಟ್ ಡ್ಯೂಟಿ. ಜೊತೆಗಿದ್ದವಳು ಕೋರ್ಸ್ ಮುಗಿಸಿ ಆಗಷ್ಟೇ ಸೇರಿದ ಹುಡುಗಿ. ಮಗು ಹುಟ್ಟಿತು, ಅಳಲಿಲ್ಲ. ಒರೆಸಿದೆವು, ಬೆನ್ನು ಉಜ್ಜಿದೆವು, ಮಾಸ್ಕ್ ಇಟ್ಟು ಉಸಿರು ಕೊಡುವ ಬ್ಯಾಗ್ ಒತ್ತಿದೆವು. ಡಾಕ್ಟರೂ ಓಡಿ ಬಂದರು. ಎದೆ ಬಡಿತ ಸಣ್ಣಗಾಗುತ್ತಾ ಹೋಯಿತು. ಆಗ ತಾಯಿ ಜ್ಞಾನಸ್ನಾನ, ಅಂದರೆ ನಮ್ಮ ಕ್ರೈಸ್ತರ ದೀಕ್ಷೆ, ಕೊಡಿ ಎಂದು ಕೇಳಿಕೊಂಡಳು. ಪ್ರಾಣ ಹೋಗುವ ಹೊತ್ತಿನಲ್ಲಿ ಗುರುಗಳೇ ಬರಬೇಕೆಂದಿಲ್ಲ, ಸರಿಯಾದ ಮನಸ್ಸಿದ್ದರೆ ಯಾರಾದರೂ ಕೊಡಬಹುದು. ನನ್ನ ಕೈ ಬ್ಯಾಗಿನ ಮೇಲಿತ್ತು. ಆ ಹುಡುಗಿಯೇ ತಲೆಗೆ ನೀರು ಹಾಕಿ ಜ್ಞಾನಸ್ನಾನದ ಮಾತುಗಳನ್ನು ಹೇಳಿದಳು. ಸ್ವಲ್ಪ ಹೊತ್ತಿಗೆ ಮಗು ಹೋಯಿತು.

ಆಮೇಲೆ ಅವಳು ಸಿಂಕಿನ ಹತ್ತಿರ ನಿಂತು ಕೈ ತೊಳೆಯುತ್ತಲೇ ಇದ್ದಳು. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ‘ನಾಲ್ಕನೇ ಬೆಡ್ಡಿನ ಡ್ರಿಪ್ ಮುಗೀತಾ ಬಂತು, ಬದಲಿಸು. ಇದು ಸೇವೆ. ಅಳೋದು ಆಮೇಲೆ’ ಎಂದೆ. ಅವಳು ಮುಖ ಒರೆಸಿಕೊಂಡು ಹೋದಳು. ಬದಲಿಸಿದಳು. ಚಾರ್ಟಿನಲ್ಲಿ ಸಮಯವನ್ನೂ ಬರೆದಳು.

ಆ ಡ್ರಿಪ್ ಮುಗಿಯಲು ಇನ್ನೂ ಕಾಲು ಗಂಟೆಯಾದರೂ ಇತ್ತು. ನಾನು ನೋಡಿದ್ದೆ. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿತ್ತು. ನಾಲ್ಕನೇ ಬೆಡ್ ನನ್ನಿಂದ ಹತ್ತು ಹೆಜ್ಜೆ. ನಾನೇ ಬದಲಿಸಬಹುದಿತ್ತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನಾನೇ ಹೋಗಿ ಬದಲಿಸಿ, ವಾಪಸ್ ಬಂದು ಪಕ್ಕದಲ್ಲಿ ಕೂರಬಹುದಿತ್ತು. ಬೆಳಗಿನ ಹ್ಯಾಂಡ್‌ಓವರಿನಲ್ಲೂ ತೂಕ, ಸಮಯ ಎಲ್ಲಾ ಹೇಳಿದೆ, ಅವಳ ವಿಷಯ ಹೇಳಲಿಲ್ಲ. ಆಸ್ಪತ್ರೆಯ ಗುರುಗಳು, ಚಾಪ್ಲಿನ್, ಬಂದು ತಾಯಿಯ ಜೊತೆ ಪ್ರಾರ್ಥಿಸಿದರು. ಆ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಅವರನ್ನು ಅವಳ ಕಡೆಗೂ ಕಳಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟಳು. ‘ಸ್ವಂತ ಕಾರಣ’ ಎಂದು ಬರೆದಿದ್ದಳು. ನಾನೇ ಸಹಿ ಹಾಕಿದೆ. ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ’ ಎಂದೂ ಯಾರಿಗೋ ಹೇಳಿದೆ. ಕಾಲು ಗಂಟೆ ಇತ್ತು ಕಣೇ.

ಸರಿ, ಅದನ್ನು ಬಿಡುತ್ತೇನೆ.

ನಮಗೆ ಸೇವೆಯ ಪಾಠ ಹೇಳಿದವರು ಕಾನ್ವೆಂಟಿನ ಸಿಸ್ಟರ್‌ಗಳು. 1936ರ ಮೊದಲು ಅಂಥ ಸಿಸ್ಟರ್‌ಗಳು ಬೇರೆಯವರ ಹೆರಿಗೆ ಮಾಡಿಸುವುದಕ್ಕೇ ಕ್ಯಾಥೊಲಿಕ್ ಧರ್ಮಸಭೆಯ ಕಟ್ಟಳೆ ಅಡ್ಡ ಇತ್ತು, ಕೇಳಿದ್ದೀಯಾ? ಅನ್ನಾ ಡೆಂಗೆಲ್ ಎಂಬ ಡಾಕ್ಟರ್ 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಘ ಕಟ್ಟಿದರು. ಆ ಕಟ್ಟಳೆ ಸಡಿಲವಾಗುವುದಕ್ಕೆ ಇನ್ನೂ ಹನ್ನೊಂದು ವರ್ಷ ಕಾಯಬೇಕಾಯಿತು. ಅಷ್ಟು ಕಷ್ಟಪಟ್ಟು ಗಳಿಸಿದ ಕೆಲಸ, ಅದಕ್ಕೇ ಅವರಿಗೆ ಅದರ ಮೇಲೆ ಅಷ್ಟು ಹಟ ಇದ್ದಿರಬೇಕು. ಆದರೆ ಡ್ಯೂಟಿ ಮುಗಿದ ಮೇಲೆ ಅವರಿಗೊಂದು ಮನೆ ಇತ್ತು. ಒಟ್ಟಿಗೆ ಊಟ, ಒಟ್ಟಿಗೆ ಜಪ, ಮುಖ ನೋಡಿ ‘ಏನಾಯ್ತು’ ಎಂದು ಕೇಳುವ ಕಾನ್ವೆಂಟಿನ ಹಿರಿಯ ಮದರ್. ಆಮೇಲೆ ಕೆಲಸ ನಮ್ಮಂಥವರ ಕೈಗೆ ಬಂತು. ನಮ್ಮನ್ನೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ಹೆಸರು ಬಂತು, ಆ ಮನೆ ಬರಲಿಲ್ಲ. ನಿನ್ನ ಹುಡುಗಿ ಹಾಸ್ಟೆಲ್ ರೂಮಿಗೆ ಹೋಗಿ ಒಬ್ಬಳೇ ಗೋಡೆ ನೋಡಿಕೊಂಡು ಮಲಗುತ್ತಾಳೆ.

ಉಪದೇಶ ಮಾಡಬಾರದು ಅಂತಲೇ ಪೆನ್ ಹಿಡಿದಿದ್ದೆ. ಆಗುತ್ತಿಲ್ಲ, ಸಹಿಸಿಕೋ. ಹೊಸಬರನ್ನು ಮೊದಲ ಕೆಲವು ತಿಂಗಳು ಒಬ್ಬ ಸೀನಿಯರ್ ಜೊತೆಗೇ ರೋಸ್ಟರಿನಲ್ಲಿ ಹಾಕು, ಕಾಗದದ ಮೇಲೆ ಮಾತ್ರ ಅಲ್ಲ. ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಲು ಶುರುಮಾಡಬೇಕು. ಅದನ್ನು ಗೊಂಬೆಯ ಮೇಲೆ ಮತ್ತೆ ಮತ್ತೆ ಮಾಡಿಸು. ಕೈಗೆ ರೂಢಿಯಾದರೆ ಅರ್ಧ ಭಯ ಹೋಗುತ್ತದೆ. ಮಗು ಹೋದ ರಾತ್ರಿ, ಶಿಫ್ಟ್ ಮುಗಿಯುವ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸು. ತಪ್ಪು ಹುಡುಕಬೇಡ. ಸುಮ್ನೆ ಕೂರಿಸು. ಮತ್ತೆ, ಡಾಕ್ಟರ ಎದುರು ಮಾತಾಡುವ ಹುಡುಗಿಯನ್ನು ಗದರಬೇಡ. ಪೋಪ್ ಫ್ರಾನ್ಸಿಸ್ ಯುವಕರಾಗಿದ್ದಾಗ ಸಾಯುವ ಸ್ಥಿತಿಯಲ್ಲಿದ್ದರು. ಔಷಧಿ ಸಾಲದು, ಜಾಸ್ತಿ ಕೊಡಿ ಎಂದು ಡಾಕ್ಟರ ಜೊತೆ ವಾದ ಮಾಡಿದ್ದು ಸಿಸ್ಟರ್ ಕೊರ್ನೇಲಿಯಾ ಕರಾಲ್ಯೊ ಎಂಬ ನರ್ಸ್. ತಾವು ಬದುಕಿದ್ದೇ ಆ ಸಿಸ್ಟರಿಂದ ಎಂದು 2018ರಲ್ಲಿ ಇಟಲಿಯ ನರ್ಸುಗಳ ಮುಂದೆ ಪೋಪರೇ ಹೇಳಿದರು. ಅಷ್ಟು ಧೈರ್ಯ ಹೆದರಿದ ಹುಡುಗಿಗೆ ಎಲ್ಲಿಂದ ಬರಬೇಕು ಹೇಳು.

ರಜೆ ಕೊಟ್ಟರೆ ಡ್ಯೂಟಿಗೆ ಯಾರು ಅಂತ ನೀನು ಕೇಳುತ್ತೀಯ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಿನ್ನ ಕಷ್ಟ ನನಗೆ ಗೊತ್ತು. ನೀನೇ ಡಬಲ್ ಡ್ಯೂಟಿ ಮಾಡುತ್ತೀಯ ಎನ್ನುವುದೂ ಗೊತ್ತು, ಅದೂ ನನಗೆ ಭಯವೇ. ಮ್ಯಾನೇಜ್‌ಮೆಂಟಿನವರ ಹತ್ತಿರ ಜನ ಕೇಳು. ಜಗಳ ಮಾಡಿಯಾದರೂ ಕೇಳು. ಜಗಳ ಮಾಡಲು ನಿನಗೆ ಬರುತ್ತದೆ.

ನೀನು ಇನ್‌ಚಾರ್ಜ್ ಆದಾಗ ನಾನು ‘ಸರಿ, ಜವಾಬ್ದಾರಿ ಜಾಸ್ತಿ’ ಎಂದಷ್ಟೇ ಹೇಳಿದೆ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಅತ್ತೆ, ಖುಷಿಗೆ. ಅದನ್ನು ಅವತ್ತೇ ಹೇಳಬೇಕಿತ್ತು.

ಆ ಹುಡುಗಿ ಇವತ್ತು ಡ್ಯೂಟಿಗೆ ಬಂದಳಾ? ಅದೊಂದನ್ನು ಮೆಸೇಜ್ ಮಾಡು. ನನ್ನ ಮೇಲೆ ಕೋಪ ಇದ್ದರೆ ಇರಲಿ.

ನಿನ್ನ
ಅಮ್ಮ