ಹಿಕಿಯ ಚಿತ್ರದಲ್ಲಿ ನಮ್ಮ ಗೊಮ್ಮಟ

ಲಂಡನ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಬ್ರಿಟಿಷ್ ಲೈಬ್ರರಿಯ ಸಂಗ್ರಹಕ್ಕೆ ಸೇರಿದ ಒಂದು ತೈಲಚಿತ್ರದ ವಿಷಯವನ್ನು ನಿಮಗೆ ತಿಳಿಸಲೆಂದೇ ಈ ಕಾಗದ ಬರೆಯುತ್ತಿದ್ದೇನೆ. ಅದರ ಹಿನ್ನೆಲೆಯಲ್ಲಿ, ದೂರದ ಗುಡ್ಡದ ಮೇಲೆ, ನಮ್ಮ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ 42 ಅಡಿಯ ಆ ಮೂರ್ತಿ ಇಲ್ಲಿ ಎಷ್ಟು ಚಿಕ್ಕದಾಗಿದೆಯೆಂದರೆ, ನಮ್ಮೂರಿನವರಲ್ಲದವರು ಗಮನಿಸದೆಯೇ ಮುಂದೆ ಹೋಗಬಹುದು.

ಚಿತ್ರದಲ್ಲಿ ಕೆಂಪು ಸಮವಸ್ತ್ರ ತೊಟ್ಟು ನಿಂತಿರುವವನು ಕರ್ನಲ್ ಕಾಲಿನ್ ಮೆಕೆಂಜಿ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿಸಿ, ಊರೂರಿನ ಶಾಸನ, ಕೈಫಿಯತ್ತು (ಸ್ಥಳೀಯ ಚರಿತ್ರೆಯ ಬರಹ), ಓಲೆಗರಿಗಳನ್ನು ಸಂಗ್ರಹಿಸಿ, ಕೊನೆಗೆ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಅವನೇ. ಜೊತೆಯಲ್ಲಿ ಮೂವರು ಭಾರತೀಯರಿದ್ದಾರೆ: ದೂರದರ್ಶಕ ಹಿಡಿದ ಜವಾನ, ತೆಲುಗು ಪಂಡಿತರಾದ ಕಾವಲಿ ವೆಂಕಟ ಲಕ್ಷ್ಮಯ್ಯ ಎಂದು ಗುರುತಿಸಲಾಗಿರುವ ಒಬ್ಬರು, ಮತ್ತು ಕೈಯಲ್ಲಿ ಓಲೆಗರಿ ಹಿಡಿದ ಜೈನ ಪಂಡಿತರು. ಈ ಕೊನೆಯವರು ಮಲೆಯೂರಿನ ಧರ್ಮಯ್ಯನವರೆಂದು ವಿದ್ವಾಂಸರ ಅಭಿಪ್ರಾಯ.

ಇದನ್ನು 1816ರಲ್ಲಿ, ಮದ್ರಾಸಿನಲ್ಲಿ, ತನ್ನ ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಬರೆದವನು ಥಾಮಸ್ ಹಿಕಿ. 1741ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ, ಇಟಲಿಯಲ್ಲಿ ಕಲಿತ ಈತ 1780ರಲ್ಲಿ ಭಾರತಕ್ಕೆ ಹೊರಟಾಗ, ಹಡಗು ಶತ್ರುಗಳ ವಶವಾದ ಕಾರಣ ಕೆಲವು ವರ್ಷ ಲಿಸ್ಬನ್ನಿನಲ್ಲಿಯೇ ಉಳಿಯಬೇಕಾಯಿತು. ಬಂಗಾಳವನ್ನು ಕಂಡು, ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ತಂಡದೊಡನೆ ಚೀನಾಕ್ಕೂ ಹೋಗಿಬಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅಲ್ಲಿ ಯುದ್ಧ ಮಾಡಿದ ಬ್ರಿಟಿಷ್ ಅಧಿಕಾರಿಗಳನ್ನಷ್ಟೇ ಅಲ್ಲದೆ, ಟಿಪ್ಪುವಿನ ಮಕ್ಕಳನ್ನೂ ಚಿತ್ರಿಸಿದ. ಗೆದ್ದವರು ಸೋತವರ ಮುಖಗಳನ್ನೂ ಹಣ ಕೊಟ್ಟು ಬರೆಸಿ ತಮ್ಮ ಗೋಡೆಗಳಿಗೆ ಏರಿಸಿಕೊಂಡ ಕಾಲವದು. ಅದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಹಿಕಿ 1824ರಲ್ಲಿ ಮದ್ರಾಸಿನಲ್ಲಿಯೇ ತೀರಿಕೊಂಡ.

ಆದರೂ ಈ ಒಂದು ಚಿತ್ರಕ್ಕಾಗಿ ನಾನು ಅವನಿಗೆ ಕೃತಜ್ಞ. ಈ ನೆಲದ ಭಾಷೆಗಳು ತನಗೆ ಬಾರದಿದ್ದುದು ದೊಡ್ಡ ಕೊರತೆಯೆಂದು ಮೆಕೆಂಜಿಯೇ ಒಪ್ಪಿಕೊಂಡಿದ್ದ. ಹಳಗನ್ನಡದ ಶಾಸನಗಳನ್ನು ಓದಿ ಅರ್ಥ ಹೇಳಲು ಅವನಿಗೆ ಧರ್ಮಯ್ಯನವರಂಥವರೇ ಬೇಕಾಗಿದ್ದರು. ಅವರಿಗೆ ಸಂದ ಸ್ಥಾನ ಪಕ್ಕದ್ದೇ ಆದರೂ, ಓಲೆಗರಿಯನ್ನು ಕರ್ನಲ್ಲನ ಕೈಗೆ ಕೊಡದೆ ಓದಬಲ್ಲವರ ಕೈಯಲ್ಲಿಯೇ ಇರಿಸಿದ್ದು ಹಿಕಿಯ ಪ್ರಾಮಾಣಿಕತೆಯೆಂದು ನಾನು ತಿಳಿಯುತ್ತೇನೆ.

ಚಾಮರಾಜನಗರದ ಕಡೆಯ ಪರಿಚಯಸ್ಥರು ಯಾರಾದರೂ ನಿಮಗೆ ಸಿಕ್ಕರೆ, ಮಲೆಯೂರಿನಲ್ಲಿ ಧರ್ಮಯ್ಯನವರ ಮನೆತನದವರು ಈಗಲೂ ಇದ್ದಾರೆಯೇ ಎಂದು ದಯವಿಟ್ಟು ವಿಚಾರಿಸಿ ತಿಳಿಸಿರಿ. ಚಿತ್ರದ ಪ್ರತಿಯೊಂದನ್ನು ಈ ಕಾಗದದೊಡನೆ ಕಳುಹಿಸಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇತಿ ನಿಮ್ಮ ಆಶೀರ್ವಾದ ಬಯಸುವ
ಮಗ