ಹಳೇ ಕೌದಿ ಕೂಡಿಸುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ಹಳಿಯಾಳ, ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಉಟ್ಟು ಸವೆದ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆಗಳನ್ನು, ಅಂದರೆ ಹಳೇ ಕೌದಿಗಳನ್ನೂ ಧಾರವಾಡ, ಬಾಗಲಕೋಟೆ ಕಡೆಯ ಕೌದಿಗಳನ್ನೂ ಕೂಡಿಸಿ, ಹೊಲಿಗೆ ಬಲ್ಲವರೆಲ್ಲ ನೋಡುವ ಹಾಗೆ ಮಾಡಬೇಕು ಅಂತ ಬರೆದಿದ್ದೀಯಲ್ಲ, ಬಹಳ ಖುಷಿಯಾಯಿತು. ಆದರೆ ಎಲ್ಲವನ್ನೂ ತೊಳೆಸಿ, ಇಸ್ತ್ರಿ ಹೊಡೆಸಿ ಫೋಟೊ ತೆಗೆಯುತ್ತೇನೆ ಅಂದದ್ದನ್ನು ದಯವಿಟ್ಟು ಕೈಬಿಡು. ಮೊದಲಿನ ಕೆಲಸ ಕೇಳಿ ಬರೆದುಕೊಳ್ಳುವುದು.

ಯಾರು ಹೊಲಿದರು, ಯಾವ ಊರು, ಯಾರ ಸಲುವಾಗಿ, ತೊಟ್ಟಿಲಿಗೋ ಮದುವೆಗೋ, ಒಳಗಿರುವ ಸೀರೆ ಯಾರದು, ಆಮೇಲೆ ತೇಪೆ ಹಾಕಿದವರು ಯಾರು. ಇಷ್ಟನ್ನು ದುಡ್ಡು ಕೊಡುವ ಮುಂಚೆಯೇ, ಆ ಮನೆಯಲ್ಲೇ ಕೂತು ಕೇಳು. ವ್ಯಾಪಾರಿಯ ಕೈಗೆ ಹೋದ ಕೌದಿಗೆ ಊರೂ ಇರುವುದಿಲ್ಲ, ಹೆಸರೂ ಇರುವುದಿಲ್ಲ; ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಲ್ಲವನ್ನೂ ಕೊಂಡೇ ತೀರಬೇಕು ಅಂತಲೂ ಇಲ್ಲ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 1981ರಲ್ಲಿ ಒಂದು ಕೆಲಸ ಶುರುವಾಯಿತು. ಊರೂರಲ್ಲಿ ಒಂದು ದಿನ ಗೊತ್ತುಮಾಡಿ ಜನರನ್ನು ಕರೆದರು. ಮನೆಯ ಹಳೇ ಕ್ವಿಲ್ಟನ್ನು, ಅಂದರೆ ನಮ್ಮ ಕೌದಿಯಂಥದೇ ಹೊದಿಕೆಯನ್ನು, ಅವರೇ ತಂದರು, ಅಲ್ಲೇ ಅಳತೆ, ಫೋಟೊ, ಹೊಲಿದವರ ವಿವರ ದಾಖಲಾಯಿತು, ಕ್ವಿಲ್ಟು ವಾಪಸ್ ಮನೆಗೇ ಹೋಯಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮಲ್ಲೂ ಒಂದು ಶಾಲೆಯ ಕೋಣೆ, ಒಂದು ಅಳತೆಯ ಟೇಪು, ಒಂದು ಕ್ಯಾಮೆರಾ ಇದ್ದರೆ ಇದು ಆಗುವ ಕೆಲಸ. ಕೌದಿ ಹೊದೆಯುವವರ ಮನೆಯಲ್ಲೇ ಉಳಿಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಕೌದಿಯನ್ನು ಓದುವ ಬಗೆ. ಸಿದ್ದಿ ಕೌದಿಯನ್ನು ಮಗುಚಿ ಹಿಂಬದಿ ನೋಡು. ಅಲ್ಲಿರುವುದು ಸಾಮಾನ್ಯವಾಗಿ ಒಂದು ಸೀರೆ. ಅದರ ಮೇಲೆ ಹೊಲಿಗೆ ಸಾಲುಗಳು ಆಯತದೊಳಗೆ ಆಯತ ಬರೆದ ಹಾಗೆ ಕಾಣುತ್ತವೆ. ಕಾರಣ, ಹೊಲಿಗೆ ಶುರುವಾಗುವುದು ಮೂಲೆಯಿಂದ. ತುಂಡಿನ ಅಂಚನ್ನು ಬೆರಳಲ್ಲೇ ಒಳಗೆ ಮಡಚಿ, ಅಂಚಿಗೆ ಸಮನಾಗಿ ಓಡುಹೊಲಿಗೆ (ಸೂಜಿ ಮೇಲೆ ಕೆಳಗೆ ಹೋಗುತ್ತಾ ಸಾಲಾಗಿ ಬೀಳುವ ಸಾದಾ ಹೊಲಿಗೆ) ಹಾಕುತ್ತಾ, ಮುಂದಿನ ತುಂಡನ್ನು ಹಿಂದಿನದರ ಅಂಚಿನ ಮೇಲೆ ಸ್ವಲ್ಪ ಏರಿಸುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲು ಮೇಲ್ಪದರ ಜೋಡಿಸಿ ಆಮೇಲೆ ಹೊಲಿಯುವ ಪದ್ಧತಿ ಇಲ್ಲಿಲ್ಲ. ಜೋಡಣೆಯೂ ಹೊಲಿಗೆಯೂ ಒಟ್ಟಿಗೇ ನಡೆಯುತ್ತದೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡುಗಳಿರುತ್ತವೆ, ಅದಕ್ಕೆ ಫುಲ ಅನ್ನುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಫುಲ ಕಾಣದಿದ್ದರೆ ಮೂಲೆಯಲ್ಲಿ ತುಂಡು ದಾರ ಉಳಿದಿದೆಯಾ ನೋಡು: ಇದ್ದರೆ ಕಿತ್ತುಹೋಗಿದೆ, ಇಲ್ಲದಿದ್ದರೆ ಹಾಕಿಯೇ ಇಲ್ಲ. ಎರಡನ್ನೂ ಹಾಗೇ ಬರೆ. ನೀನಾಗಿ ಹೊಸ ಫುಲ ಹೊಲಿಸಬೇಡ.

ಕಾಲ ಹೇಳುವಾಗ ಬಹಳ ಜನ ತಪ್ಪುವುದು ಒಂದೇ ಕಡೆ. ಹಳೇ ಇಳಕಲ್ ಸೀರೆಯ ಚೂರು ಕಂಡ ಕೂಡಲೇ ಕೌದಿಯೂ ಅಷ್ಟೇ ಹಳೆಯದು ಅಂದುಬಿಡುತ್ತಾರೆ. ಉಟ್ಟು ಸವೆದ ಬಟ್ಟೆ ಕೌದಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ ಇರಬಹುದು. ಮೂಲ ಹೊಲಿಗೆಯೊಳಗೆ ಇರುವ ತೀರಾ ಹೊಸ ಬಟ್ಟೆ ಯಾವುದೋ, ಕೌದಿ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಪಾಲಿಯೆಸ್ಟರ್ ಸೀರೆಯ ತುಂಡು ಮೂಲ ಹೊಲಿಗೆಗೇ ಸೇರಿದ್ದರೆ ಅದನ್ನು ಸ್ವಾತಂತ್ರ್ಯಪೂರ್ವದ್ದು ಅಂತ ಯಾರೂ ಮಾರುವ ಹಾಗಿಲ್ಲ. ಆಮೇಲಿನ ತೇಪೆಯನ್ನು ದಾರದಿಂದ ಗುರುತಿಸಬಹುದು: ದಾರದ ಬಣ್ಣ, ದಪ್ಪ ಬೇರೆ, ಹೊಲಿಗೆ ಹಳೇ ಸಾಲನ್ನು ಅಡ್ಡ ದಾಟಿರುತ್ತದೆ. ಹರಿದ ಅಂಚಿನಲ್ಲಿ ಪದರ ಎಣಿಸು, ಮೂರು ಕಡೆ ಒಂದೊಂದು ಇಂಚಿನಲ್ಲಿ ಎಷ್ಟು ಹೊಲಿಗೆ ಅಂತ ಎಣಿಸಿ ಬರೆ. ಕೆಲವು ಕೌದಿಗಳ ಒಳಗೆ ಇನ್ನೊಂದು ಹಳೇ ಕೌದಿಯೇ ಇರುತ್ತದೆ. ನೋಡುವ ಆಸೆಗೆ ಬಿಚ್ಚಬೇಡ.

ನೀರಿನ ಮಾತು. ಹಳೇ ಕೌದಿ ನೆನೆದರೆ ಅದರ ಭಾರಕ್ಕೇ ದಾರ ಕಡಿಯುತ್ತದೆ, ಒಂದು ಕೆಂಪು ಚೂರು ಬಣ್ಣ ಬಿಟ್ಟರೆ ಅಕ್ಕಪಕ್ಕದ್ದೆಲ್ಲ ಹಾಳು. ಕಪ್ಪು, ಕಂದು ತುಂಡುಗಳು ಮುಟ್ಟಿದರೆ ಪುಡಿಯಾಗುವುದನ್ನು ಕಾಣುತ್ತೀ. ಕಬ್ಬಿಣ ಬೆರೆಸಿ ಮಾಡಿದ ಹಳೇ ಬಣ್ಣ ನೂಲನ್ನು ತಿನ್ನುತ್ತದೆ, ಅದಕ್ಕೆ ತೊಳೆಯುವುದು ಮದ್ದಲ್ಲ. ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಸೆಳೆತ ಕಡಿಮೆ ಇಟ್ಟು, ಉಜ್ಜದೆ ಎತ್ತಿ ಎತ್ತಿ ಇಡು. ಎರಡೂ ಬದಿಗೆ ಇಷ್ಟು ಸಾಕು.

ಹುಳದ ವಿಷಯಕ್ಕೆ ಬಂದರೆ, ಕೌದಿಯ ಹೊಟ್ಟೆ ಹಸಿದಿರಬಾರದು ಅಂತ ನಡುವಿನ ಕೊನೇ ಹೊಲಿಗೆಗೆ ಮುಂಚೆ ಒಂದು ಚೂರು ತಿನಿಸು ಇಟ್ಟು ಮುಚ್ಚುವ ಮನೆಗಳಿವೆ. ಹುಳ ಬರುತ್ತದೆ ಅಂತ ಅದನ್ನು ತೆಗೆಯಬಾರದು, ಅದೂ ಕೌದಿಯದೇ ಭಾಗ. ಹುಳ ಸಾಯಬೇಕಾದರೆ ಕೌದಿಯನ್ನು ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು ಟೇಪಿನಿಂದ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡು. ಕೌದಿ ದಪ್ಪ, ಒಳಗಿನ ತನಕ ತಣ್ಣಗಾಗಲು ಹೊತ್ತು ಬೇಕು. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡ, ಬಿಚ್ಚಿದರೆ ಹನಿ ಬಟ್ಟೆಯ ಮೇಲೇ ಕೂರುತ್ತದೆ. ನುಸಿಗುಳಿಗೆ, ಬೇವಿನ ಎಲೆ ಬಟ್ಟೆಗೆ ತಾಗಿಸಿ ಇಡಬೇಡ, ಕಲೆಯಾಗುತ್ತದೆ.

ಇಡುವಾಗ ಕೋರಾ ಬಟ್ಟೆಯ (ಬಣ್ಣ ಹಾಕದ ಹತ್ತಿ ಬಟ್ಟೆ) ಗಂಜಿ ಹೋಗುವ ತನಕ ಬಿಸಿನೀರಲ್ಲಿ ತೊಳೆದು ಒಣಗಿಸಿ, ಅದರಲ್ಲಿ ಸುತ್ತು. ಮಡಚಲೇಬೇಕಾದರೆ ಮಡಿಕೆಯ ಒಳಗೆ ಅದೇ ಬಟ್ಟೆಯ ಸುರುಳಿ ಇಡು, ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಬೇಡವೇ ಬೇಡ. ನಂಬರನ್ನು ಹತ್ತಿಯ ಲಾಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಹಿಂದಿನ ಮೂಲೆಗೆ ನಾಲ್ಕು ಹೊಲಿಗೆ ಹಾಕು. ಪಿನ್ನು ತುಕ್ಕು ಹಿಡಿಯುತ್ತದೆ.

ಹಂಚಿಕೊಳ್ಳುವಾಗ ಪೂರ್ತಿ ಮುಂಬದಿ, ಪೂರ್ತಿ ಹಿಂಬದಿ, ನಾಲ್ಕು ಮೂಲೆ, ನಡುಭಾಗ, ಪಕ್ಕದಲ್ಲಿ ಅಳತೆಪಟ್ಟಿ, ಇಷ್ಟು ಫೋಟೊ ಇರಲಿ. ಒಂದನ್ನು ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ತೆಗೆ, ಹೊಲಿಗೆ ಎದ್ದು ಕಾಣುತ್ತದೆ. ಹೊರದೇಶದ ಕ್ವಿಲ್ಟ್ ಹೊಲಿಯುವವರಲ್ಲಿ ಅಂಚಿನಿಂದ ನಡುವಿಗೆ ಹೊಲಿದ ಸಣ್ಣ ಮ್ಯಾಟಿಗೂ ಈಗ ಸಿದ್ದಿ ಕೌದಿಯ ಹೆಸರಾದ ‘ಕವಂದಿ’ ಅನ್ನುವ ರೂಢಿ ಬಂದಿದೆ. ಕಲಿಯಲಿ, ಸಂತೋಷ. ಆದರೆ ಅದನ್ನು ಕಲಿಸಿದ ಕೈಗಳು ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳದ್ದು ಅನ್ನುವುದು ಪ್ರತಿ ಚಿತ್ರದ ಕೆಳಗೂ ಇರಬೇಕು. ಹೆಸರು ಹಾಕಲೋ ಬೇಡವೋ ಅಂತ ಹೊಲಿದವರನ್ನೇ ಕೇಳು, ಚಿತ್ರ ಯಾರು ಯಾರು ನೋಡುತ್ತಾರೆ ಅಂತ ಬಿಡಿಸಿ ಹೇಳಿ ಒಪ್ಪಿಗೆ ಪಡೆ. ಈಗಲೂ ಹೊಲಿಯುತ್ತಿದ್ದರೆ, ಹೊಸದಕ್ಕೆ ಅವರು ಹೇಳುವ ಬೆಲೆಯನ್ನೂ ಅವರು ಒಪ್ಪಿದರೆ ಅಲ್ಲೇ ಹಾಕು. ಫೋಟೊದ ಎರಡು ಪ್ರತಿ ಅಚ್ಚು ಹಾಕಿಸಿ ಆ ಮನೆಗೆ ತಲುಪಿಸು.

ಮೊದಲು ಮೂರು ಕೌದಿಗೆ ಇಷ್ಟನ್ನೂ ಮಾಡಿ ಬರಹ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ