ಒಂದು ಡಬ್ಬಿ ಗುಜರಿಗೆ ಧನ್ಯವಾದ

ಕಳೆದ ಭಾನುವಾರ ರಾತ್ರಿ ನನ್ನ ಎಂಜಿನ್ ಓಡಿತು.

ಓಡಿತು ಅಂದರೆ ಎಲ್ಲಿಗೂ ಹೋಗಲಿಲ್ಲ. ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಕೆಳಗೆ ಸ್ಪಿರಿಟ್ ದೀಪ ಹಚ್ಚಿದೆ, ಸ್ವಲ್ಪ ಹೊತ್ತು ಕಾದೆ, ಚಕ್ರವನ್ನು ಬೆರಳಲ್ಲಿ ತಟ್ಟಿದೆ. ಇಷ್ಟು ದಿನ ಎರಡು ಸುತ್ತು ತಿರುಗಿ ಸುಸ್ತಾಗಿ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ದೀಪದ ಸ್ಪಿರಿಟ್ ಮುಗಿಯುವವರೆಗೆ, 11 ನಿಮಿಷ, ಟಕಟಕ ಅನ್ನುತ್ತಾ ತಿರುಗಿತು. ವಿಡಿಯೊ ಮಾಡಬೇಕಿತ್ತು ಅಂತ ನೆನಪಾಗಿದ್ದು ದೀಪ ಆರಿದ ಮೇಲೆ.

ಇದಕ್ಕೆ 14 ತಿಂಗಳು ಹಿಡಿಯಿತು. ಲೋಹದ ಕೆಲಸದ ಹುಚ್ಚಿರುವ ನಮ್ಮ ಗುಂಪಿನವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಆದರೆ ಫೋನಿನಲ್ಲಿ "ಥ್ಯಾಂಕ್ಸ್" ಅಂದರೆ ನೀವು "ಅಯ್ಯೋ, ನಾವೇನು ಮಾಡಿದ್ವಿ" ಅಂತ ಮಾತು ತೇಲಿಸಿಬಿಡುತ್ತೀರಿ. ಏನು ಮಾಡಿದಿರಿ ಅನ್ನುವುದನ್ನು ಬರೆದೇ ಹೇಳುತ್ತೇನೆ.

ನಮ್ಮ ಗುಂಪಿಗೆ ಸೇರದವರೂ ಇದನ್ನು ಓದಬಹುದು. ಅವರಿಗಾಗಿ ಎರಡು ಮಾತು. ನಾನು ಮಾಡಿದ್ದು ಬಿಸಿಗಾಳಿಯ ಎಂಜಿನ್. ರಾಬರ್ಟ್ ಸ್ಟರ್ಲಿಂಗ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1816ರಲ್ಲಿ ಪೇಟೆಂಟ್ ತೆಗೆದುಕೊಂಡ ಎಂಜಿನ್ನಿನ ಮರಿಮೊಮ್ಮಗ ಅನ್ನಿ. ಒಳಗೆ ಮುಚ್ಚಿಟ್ಟ ಗಾಳಿ ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ತಣಿಯುತ್ತದೆ. ಕಾದಾಗ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ತಣಿದಾಗ ಕುಗ್ಗುತ್ತದೆ. ಅಷ್ಟೇ. ಆದರೆ ಈ ಪುಟ್ಟ ಎಂಜಿನ್ನಿಗೆ ಬಲ ಎಷ್ಟು ಕಮ್ಮಿ ಅಂದರೆ, ಎಲ್ಲೋ ಒಂಚೂರು ಗಾಳಿ ಸೋರಿದರೂ ಸಾಕು, ಎಲ್ಲೋ ಒಂಚೂರು ಬಿಗಿಯಾದರೂ ಸಾಕು, ನಿಂತೇ ಹೋಗುತ್ತದೆ. ಮೊದಲ ಕೆಲಸಕ್ಕೆ ಇದನ್ನೇ ಆರಿಸಿಕೊಂಡಿದ್ದು ನನ್ನ ದಡ್ಡತನ. ಬೇಡ ಅಂತ ಮೂವರು ಹೇಳಿದ್ದಿರಿ. ಕೇಳಲಿಲ್ಲ.

ಆರನೇ ತಿಂಗಳಲ್ಲಿ ನಾನು ಲೇತ್ (ಲೋಹವನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಮಾರಲು ಹೊರಟಿದ್ದೆ. ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದೇ ವಾರದಲ್ಲಿ ತಿರುಗುವ ತುಂಡನ್ನು ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಟೂಲ್ ಎರಡು ಮುರಿದಿದ್ದವು. ಕೊರೆದ ಸಿಲಿಂಡರೆಲ್ಲ ಒಂದು ಬಾಯಿ ದೊಡ್ಡದು, ಒಂದು ಬಾಯಿ ಚಿಕ್ಕದು. ಅದರ ಮೇಲೆ ಒಂದು ರಾತ್ರಿ ಚಕ್ (ತುಂಡನ್ನು ಕಚ್ಚಿ ಹಿಡಿದು ತಿರುಗುವ ಭಾಗ) ಬಿಗಿಯುವ ಕೀ ತೆಗೆಯದೆ ಸ್ವಿಚ್ ಒತ್ತಿದೆ. ಕೀ ಹಾರಿ ದೀಪ ಒಡೆದು ಗೋಡೆಗೆ ಬಡಿಯಿತು. ನನ್ನ ಕಿವಿಯಿಂದ ಒಂದು ಮೊಳ ದೂರ. ಕತ್ತಲಲ್ಲಿ ತಡಕಾಡಿ ಲೇತ್ ಆಫ್ ಮಾಡಿ, ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಇದು ನನ್ನಂಥವನಿಗಲ್ಲ ಅನ್ನಿಸಿತು.

ಗಡಿಯಾರ ರಿಪೇರಿ ಮಾಡುವ ನಮ್ಮ ಹಿರಿಯರಿಗೆ ಮಾತ್ರ ಹೇಳಿದೆ, ಯಾರಾದರೂ ಲೇತ್ ಕೊಳ್ಳುವವರಿದ್ದರೆ ತಿಳಿಸಿ ಅಂತ. ಅವರು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಒಂದು ಹಳೆಯ ತಗಡಿನ ಡಬ್ಬಿ ತಂದರು. "ಮಾರೋದಾದ್ರೆ ಮಾರು. ಅದಕ್ಕೆ ಮುಂಚೆ ಇದನ್ನ ಒಂದು ವಾರ ಮನೇಲಿ ಇಟ್ಕೊ" ಅಂದರು.

ಡಬ್ಬಿಯ ತುಂಬ ಅವರು ಹಾಳು ಮಾಡಿದ ತುಂಡುಗಳು! ಹಿತ್ತಾಳೆ, ಉಕ್ಕು, ಬೀಡು, ಎಲ್ಲ ಇದ್ದವು. ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಹಚ್ಚಿದ್ದರು.

"ಬಿಸಿಯಲ್ಲಿ ಅಳೆದೆ" ಅಂತ ಒಂದು ಬುಷ್‌ಗೆ, ಅಂದರೆ ತೂತಿನೊಳಗೆ ಕೂರುವ ಕೊಳವೆಗೆ. ಆಗ ತಾನೇ ಲೇತ್‌ನಿಂದ ಇಳಿದ 25 ಮಿ.ಮೀ. ಹಿತ್ತಾಳೆ ಕೋಣೆಗಿಂತ 30 ಡಿಗ್ರಿ ಬಿಸಿ ಇದ್ದರೆ ಸುಮಾರು 0.014 ಮಿ.ಮೀ. ದಪ್ಪ ತೋರಿಸುತ್ತದೆ. ಬಿಗಿಯಾಗಿ ಕೂರಬೇಕಾದದ್ದು ತಣಿದ ಮೇಲೆ ಲೊಡಲೊಡ ಅನ್ನುತ್ತದೆ. "0.5 ತಿರುಗಿಸಿದೆ, 1 ಹೋಯಿತು" ಅಂತ ಇನ್ನೊಂದಕ್ಕೆ. ಡಯಲ್ ತೋರಿಸುವುದು ತ್ರಿಜ್ಯವೋ ವ್ಯಾಸವೋ ಅಂತ ನೋಡದವರ ಕಥೆ. ತೂತಿನೊಳಗೆ ಥ್ರೆಡ್ (ಸ್ಕ್ರೂವಿನ ಎಳೆ) ಕೊರೆಯುವ 6 ಮಿ.ಮೀ. ಟ್ಯಾಪ್ ಮುರಿದು ಒಳಗೇ ಉಳಿದ ತುಂಡಿಗೆ "5 ಡ್ರಿಲ್ ಹುಡುಕಲು ಸೋಮಾರಿತನ, 4.5 ಹಾಕಿದೆ" ಅಂತ ಬರೆದಿತ್ತು. ಒಂದರ ಮೇಲೆ ಬರೀ "ರಾತ್ರಿ 12:40". ಅದಕ್ಕೆ ವಿವರಣೆ ಬೇಕಾ? ಎಲ್ಲಕ್ಕಿಂತ ಜಾಸ್ತಿ ಇದ್ದ ಚೀಟಿ, ಎಣಿಸಿದೆ, ಎಂಟು ತುಂಡುಗಳಿಗೆ ಒಂದೇ ಮಾತು: "ಇನ್ನೊಂದೇ ಒಂದು ಕಟ್".

ನಾನು ಇಷ್ಟು ದಿನ ನೋಡಿದ್ದು ಅವರ ಗಾಜಿನ ಕಪಾಟನ್ನು. ಹೊಳೆಯುವ ಚಕ್ರ, ಕೂದಲೆಳೆಯಂಥ ಶಾಫ್ಟ್. ಅದನ್ನು ನೋಡಿದಾಗೆಲ್ಲ ಮನೆಗೆ ಬಂದು ನನ್ನ ಕೆಲಸದ ಮೇಲೆ ಬೇಸರ ಆಗುತ್ತಿತ್ತು. ಡಬ್ಬಿ ನೋಡಿದ ರಾತ್ರಿ ನಗು ಬಂತು. ನನ್ನ ತಪ್ಪುಗಳೆಲ್ಲ ಅದರಲ್ಲಿದ್ದವು, ಅದೂ ಅಂದವಾದ ಕೈಬರಹದಲ್ಲಿ. ಸರ್, ನೀವು ನನಗೆ ಬಹಳ ಕಲಿಸಿದ್ದೀರಿ. ಆದರೆ ಲೇತ್ ಉಳಿದದ್ದು ಆ ಡಬ್ಬಿಯಿಂದ.

ಆಮೇಲೆ ನಾನು ಅಡಗಿಸಿಡುವುದನ್ನು ಬಿಟ್ಟೆ. ಮುಂದಿನ ಭೇಟಿಗೆ ಬಾಯಿ ದೊಡ್ಡದಾದ ನನ್ನ ನಾಲ್ಕು ಸಿಲಿಂಡರುಗಳನ್ನು ತಂದು ಮೇಜಿನ ಮೇಲೆ ಇಟ್ಟೆ. ಟೂಲ್ ರೂಮಿನಲ್ಲಿ ಕೆಲಸ ಮಾಡುವ ಅಕ್ಕ ಎತ್ತಿಕೊಂಡು ನೋಡಿದರು. ಟೂಲ್ ಬಗ್ಗೆ ಕೇಳಲಿಲ್ಲ, ಸ್ಪೀಡ್ ಬಗ್ಗೆಯೂ ಕೇಳಲಿಲ್ಲ. "ನಿಮ್ಮ ಮೇಜಿನ ನಾಲ್ಕು ಕಾಲೂ ನೆಲ ಮುಟ್ಟಿವೆಯಾ?" ಅಂದರು. ತಮಾಷೆ ಅಂದುಕೊಂಡೆ.

ಮರುವಾರ ಮನೆಗೇ ಬಂದರು. ಮೊದಲು ಮೇಜಿನ ಮೂಲೆ ಹಿಡಿದು ಅಲ್ಲಾಡಿಸಿದರು. ಅಲ್ಲಾಡಿತು. ನನ್ನದು ಚಿಕ್ಕ ಲೇತ್. ಮೇಜು ಸೊಟ್ಟಗಿದ್ದು, ಅದರ ಮೇಲೆ ಬೋಲ್ಟ್ ಹಾಕಿ ಬಿಗಿದರೆ ಲೇತ್‌ನ ಬೆಡ್, ಅಂದರೆ ಉದ್ದನೆಯ ಅಡಿಭಾಗ, ತಿರುಚಿಕೊಳ್ಳುತ್ತದಂತೆ. ಎರಕದ ಕಬ್ಬಿಣ ತಿರುಚಿಕೊಳ್ಳುತ್ತದೆ ಅಂದರೆ ನಾನು ನಂಬಲಿಲ್ಲ. ನಂಬಿಸಲು ಅವರು ಮಾತಾಡಲಿಲ್ಲ. 25 ಮಿ.ಮೀ. ರಾಡನ್ನು ಚಕ್‌ನಿಂದ 150 ಮಿ.ಮೀ. ಹೊರಗೆ ಬಿಟ್ಟು, ಇನ್ನೊಂದು ತುದಿಗೆ ಟೇಲ್‌ಸ್ಟಾಕ್‌ನ ಆಸರೆ ಇಲ್ಲದೆ, ಎರಡು ಕೊನೆಯಲ್ಲಿ ಎರಡು ಬಳೆ ಉಳಿಯುವ ಹಾಗೆ ತಿರುಗಿಸಿದರು. ಕೊನೆಯ ಕಟ್ ತುಂಬ ತೆಳು, ಎರಡು ಬಳೆಗೂ ಒಂದೇ ಸೆಟ್ಟಿಂಗ್. ಬೆಡ್ ನೆಟ್ಟಗಿದ್ದರೆ ಎರಡೂ ಒಂದೇ ದಪ್ಪ ಬರಬೇಕು. ಮೈಕ್ರೋಮೀಟರ್ ನನ್ನ ಕೈಗೆ ಕೊಟ್ಟರು. ಎರಡು ಬಳೆಗಳ ನಡುವೆ 0.06 ಮಿ.ಮೀ. ವ್ಯತ್ಯಾಸ!

ಆಮೇಲೆ ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿದರು. ಆ ತಗಡು ಸುಮಾರು 0.1 ಮಿ.ಮೀ. ದಪ್ಪ. ಲೇತ್‌ನ ಒಂದು ಕಾಲ ಕೆಳಗೆ ಒಂದು ಚೂರು, ಮತ್ತೆ ಕಟ್, ಮತ್ತೆ ಅಳತೆ. ಇನ್ನೊಂದು ಚೂರು, ಮತ್ತೆ ಕಟ್. ಸಂಜೆಯ ಹೊತ್ತಿಗೆ ವ್ಯತ್ಯಾಸ 0.01ಕ್ಕೆ ಇಳಿಯಿತು. ಅಕ್ಕ, ನಿಮ್ಮ ರಜೆಯ ದಿನ ಇಡೀ ಹೋಯಿತು. ಅವತ್ತು ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬಳೆಗಳನ್ನೇ ಮತ್ತೆ ಮತ್ತೆ ಅಳೆಯುತ್ತಾ ಕೂತಿದ್ದೆ.

ಉಳಿದವರಿಗೆ ಬೇಗ ಬೇಗ ಹೇಳುತ್ತೇನೆ, ಕಮ್ಮಿ ಅಂತಲ್ಲ. ಗೋಡೆಗೆ ಅಂಟಿಸಲು ಸ್ಪೀಡ್ ಪಟ್ಟಿ ಬರೆದುಕೊಟ್ಟವರಿಗೆ: 20 ಮಿ.ಮೀ. ಮೈಲ್ಡ್ ಸ್ಟೀಲಿಗೆ ಹೈಸ್ಪೀಡ್ ಸ್ಟೀಲ್ ಟೂಲ್ ಇದ್ದರೆ ನಿಮಿಷಕ್ಕೆ 400 ಸುತ್ತಿನ ಆಸುಪಾಸು ಸಾಕು. ನಾನು 1200ರಲ್ಲಿ ಓಡಿಸಿ, ಟೂಲ್ ಯಾಕೆ ನೀಲಿ ಆಗುತ್ತದೆ ಅಂತ ಕೇಳಿದ್ದೆ. ನೀವು ನಗಲಿಲ್ಲ. ತೂತನ್ನು ನುಣ್ಣಗೆ ಅಳತೆಗೆ ತರುವ ರೀಮರ್ ಎರವಲು ಕೊಟ್ಟವರಿಗೆ: ಎರಡು ತಿಂಗಳು ಅಂತ ತಂದದ್ದು ಎಂಟಾಯಿತು, ಈ ವಾರ ಖಂಡಿತ. ನಾನು ಗ್ಲೌಸ್ ಹಾಕಿಕೊಂಡು ತಿರುಗುವ ಚಕ್ ಹತ್ತಿರ ಕೈ ಒಯ್ದಾಗ ಎಲ್ಲರ ಮುಂದೆ ಗದರಿದವರಿಗೆ: ಆಗ ಸಿಟ್ಟು ಬಂದಿತ್ತು. ಈಗಿಲ್ಲ.

ಬೋಲ್ಟ್ ಮಾಡಿಕೊಟ್ಟವರನ್ನು ಮಾತ್ರ ಹೀಗೆ ದಾಟಿಸಲಾರೆ. ನನ್ನ ಹಳೆಯ ಲೇತ್‌ನ ಒಂದು ಬೋಲ್ಟ್ ಕಳೆದಿತ್ತು. 12 ಮಿ.ಮೀ. ಬೋಲ್ಟ್ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿಯೇ ಬಿಡೋಣ ಅನ್ನುವಷ್ಟರಲ್ಲಿ ನೀವು ಕೈ ಹಿಡಿದಿರಿ. ಥ್ರೆಡ್ ಗೇಜ್ ಇಟ್ಟು ತೋರಿಸಿದಿರಿ: ಅದು ಅರ್ಧ ಇಂಚಿನ ವಿಟ್‌ವರ್ತ್, ಇಂಚಿಗೆ 12 ಎಳೆ, ಎಳೆಯ ಕೋನ 55 ಡಿಗ್ರಿ. ನನ್ನ ಬೋಲ್ಟ್ 60 ಡಿಗ್ರಿಯದು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರ ಥ್ರೆಡ್ಡೂ ಒಂದೇ ಇರಲಿ ಅಂತ ಅಳತೆ ಗೊತ್ತು ಮಾಡಿದ. ಅದಕ್ಕೂ ಮುಂಚೆ ಒಂದು ವರ್ಕ್‌ಶಾಪಿನ ಬೋಲ್ಟ್ ಇನ್ನೊಂದು ವರ್ಕ್‌ಶಾಪಿನ ನಟ್‌ಗೆ ಹೋಗುತ್ತಿದ್ದುದೇ ಅಪರೂಪ. ಇಷ್ಟೆಲ್ಲ ಹೇಳುತ್ತಲೇ ನಿಮ್ಮ ಲೇತ್‌ನಲ್ಲಿ ಹೊಸ ಬೋಲ್ಟ್ ಕೊರೆದು ಕೊಟ್ಟಿರಿ. ಇವತ್ತಿಗೂ ಇಡೀ ಲೇತ್‌ನಲ್ಲಿ ಹೊಳೆಯುವ ಭಾಗ ಅದೊಂದೇ.

ಕೊನೆಯ ಸಿಕ್ಕು ಬಿಡಿಸಿದ್ದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು. ಐದು ಪಿಸ್ಟನ್ ಹಾಳು ಮಾಡಿದ ಮೇಲೆ ಆರನೆಯದು ಸರಿಯಾಗಿ ಕೂತಿತ್ತು. ಪರೀಕ್ಷೆ ಗೊತ್ತಲ್ಲ, ಸಿಲಿಂಡರನ್ನು ನೆಟ್ಟಗೆ ಹಿಡಿದರೆ ಪಿಸ್ಟನ್ ತನ್ನ ಭಾರಕ್ಕೇ ಜಾರಬೇಕು. ಕೆಳಬಾಯಿಗೆ ಬೆರಳು ಒತ್ತಿದರೆ ನಿಂತುಬಿಡಬೇಕು. ಎರಡೂ ಆಗುತ್ತಿತ್ತು. ಆದರೂ ಎಂಜಿನ್ ಓಡುತ್ತಿರಲಿಲ್ಲ. ಎಲ್ಲ ಜೋಡಿಸಿ ಮೂರು ವಾರ ತಲೆ ಕೆಡಿಸಿಕೊಂಡೆ. ಅವನು ಬಂದ, ಪಿಸ್ಟನ್ ಹೊರಗೆ ತೆಗೆದ, ಮೂಸಿದ. "ಅಣ್ಣ, ಇದಕ್ಕೆ ಎಣ್ಣೆ ಬಿಟ್ಟಿದ್ದೀರಾ?"

ಬಿಟ್ಟಿದ್ದೆ. ತಿರುಗುವ ವಸ್ತು ಅಂದಮೇಲೆ ಎಣ್ಣೆ ಬೇಡವಾ? ಬೇಡವಂತೆ. ಇಷ್ಟು ಕಮ್ಮಿ ಬಲದ ಎಂಜಿನ್ನಿಗೆ ಆ ಎಣ್ಣೆಯ ಜಿಗುಟೇ ದೊಡ್ಡ ಹೊರೆ. ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಪೆನ್ಸಿಲ್ ಸೀಸದ ಪುಡಿ ಒಂಚೂರು ಸವರು ಅಂದ. ಭಾನುವಾರ ಅಷ್ಟೇ ಮಾಡಿದ್ದು.

ಮನೆಯವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಕಾಲಿಗೆ ಚುಚ್ಚಿದ ಲೋಹದ ಸಿಪ್ಪೆಗಳಿಗೆ ಕ್ಷಮೆ ಇರಲಿ. ಹನ್ನೊಂದು ನಿಮಿಷವೂ ನನ್ನ ಪಕ್ಕ ನಿಂತು ನೋಡಿದ್ದಕ್ಕೆ ಧನ್ಯವಾದ. "ಇದರಿಂದ ಏನು ಉಪಯೋಗ" ಅಂತ ಕೇಳದೆ ಇದ್ದದ್ದಕ್ಕೆ ಇನ್ನೂ ಜಾಸ್ತಿ.

ಡಬ್ಬಿ ವಾಪಸ್ ಕೊಡಲು ಹೋಗಿದ್ದೆ. ಸರ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ನನ್ನ ಒಂಬತ್ತು ತುಂಡುಗಳಿಗೂ ಚೀಟಿ ಕಟ್ಟಿ ಅದರೊಳಗೆ ಸೇರಿಸಿದ್ದೇನೆ. "ಮೇಜು ಅಲ್ಲಾಡುತ್ತಿತ್ತು" ನಾಲ್ಕಕ್ಕೆ. ಉಳಿದ ಐದು ಪಿಸ್ಟನ್‌ಗಳಿಗೆ ಬರೆಯಲು ಹೊಸ ಮಾತು ಸಿಗಲಿಲ್ಲ. ಎಲ್ಲವೂ "ಇನ್ನೊಂದೇ ಒಂದು ಕಟ್".

ಹೋದ ತಿಂಗಳು ಹೊಸದಾಗಿ ಲೇತ್ ತಂದು, ಪಾರ್ಟಿಂಗ್ ಮಾಡುವಾಗ ಇಡೀ ಮನೆ ನಡುಗುತ್ತದೆ ಅಂದಿದ್ದಿರಲ್ಲ, ನೀವು ಮುಂದಿನ ಭೇಟಿಗೆ ತಪ್ಪದೆ ಬನ್ನಿ. ಡಬ್ಬಿ ನಿಮಗೆ ಎತ್ತಿಟ್ಟಿದ್ದೇನೆ. ಚೀಲ ಗಟ್ಟಿಯದ್ದು ತನ್ನಿ, ಮೊದಲಿಗಿಂತ ಭಾರ ಆಗಿದೆ.